ಪರದೆಯ ಮೇಲೆ ಕನ್ನಡ, ಕಡತದೊಳಗೆ ಏನು?

ಹಟ್ಟಿಯ ಚಿನ್ನದ ಗಣಿಯಿಂದ ದಕ್ಷಿಣಕ್ಕಿರುವ ಮಸ್ಕಿಯ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಅದನ್ನು ಬೆಳಕಿಗೆ ತಂದ ಸಿ. ಬೀಡನ್ ಇತಿಹಾಸಕಾರರಲ್ಲ, ನಿಜಾಮರ ಸೀಮೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಬಿರುದುಗಳಿಂದಷ್ಟೇ ಗುರುತಿಸಬೇಕಾಗಿದ್ದ ಅರಸನ ಹೆಸರು ಇಲ್ಲಿ ‘ಅಶೋಕ’ ಎಂದೇ ಇತ್ತು. ಕಲ್ಲು ಸಿಕ್ಕ ವರ್ಷವೇ ಎಚ್. ಕೃಷ್ಣಶಾಸ್ತ್ರಿಗಳು ಅದರ ಪಾಠವನ್ನು ಪ್ರಕಟಿಸಿದರು. ಅಷ್ಟು ಬೇಗ ಓದಲು ಸಾಧ್ಯವಾದದ್ದು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟನ್ನು ಬಿಡಿಸಿದ್ದರಿಂದ. ಸಾಂಚಿಯಲ್ಲಿ ‘ಕ’ ಎಂದು ಓದಿದ ಗುರುತು ಮಸ್ಕಿಯಲ್ಲಿಯೂ ‘ಕ’ ಆಗಿಯೇ ಇತ್ತು.

ಗುರುತಿಗೆ ಇರಬೇಕಾದ ಈ ಸ್ಥಿರತೆ ಕನ್ನಡದ ಮೊದಲ ಜಾಲತಾಣಗಳಿಗೆ ಇರಲಿಲ್ಲ. ಆ ಪುಟಗಳಿಗೆ ಇನ್ನೂ ಮೂವತ್ತು ವರ್ಷ ತುಂಬಿದೆಯಷ್ಟೆ. ಆಗಲೇ ಅವುಗಳಲ್ಲಿ ಬಹಳಷ್ಟನ್ನು ಓದಲಾಗುತ್ತಿಲ್ಲ. ಜಾಲಪುಟವನ್ನು ಕೈಯಿಂದ ಸಂಕೇತ ಬರೆದು ಕಟ್ಟಬೇಕೇ, ಇಲ್ಲವೇ ಕಣ್ಣಿಗೆ ಕಾಣುವ ಹಾಗೆಯೇ ಜೋಡಿಸಿಕೊಡುವ ತಂತ್ರಾಂಶ ಬಳಸಬೇಕೇ ಎಂಬ ಪ್ರಶ್ನೆ ಇಂಗ್ಲಿಷ್ ಬಲ್ಲವರಿಗೆ ಬಹುಮಟ್ಟಿಗೆ ಅನುಕೂಲ ಮತ್ತು ಅಭಿರುಚಿಯ ಪ್ರಶ್ನೆಯಾಗಿತ್ತು. ಕನ್ನಡದಲ್ಲಿ ಅದರ ಪರಿಣಾಮ ಬೇರೆಯೇ ಆಯಿತು.

ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್-ಲೀ 1990ರಲ್ಲಿ ರಚಿಸಿದ ಮೊದಲ ಬ್ರೌಸರಿನಲ್ಲಿ ಓದುವುದೂ ತಿದ್ದುವುದೂ ಒಂದೇ ಕಿಟಕಿಯಲ್ಲಿ ನಡೆಯುತ್ತಿತ್ತು. 1993ರಲ್ಲಿ ಬಂದು ಮನೆಮಾತಾದ ಮೊಸಾಯಿಕ್‌ನಲ್ಲಿ ಆ ಸೌಲಭ್ಯವಿರಲಿಲ್ಲ. ಹೀಗಾಗಿ ಪುಟ ಕಟ್ಟುವವರು ಎಚ್‌ಟಿಎಂಎಲ್ ಕಲಿತು, ಸಾದಾ ನೋಟ್‌ಪ್ಯಾಡಿನಲ್ಲಿ ಒಂದೊಂದೇ ಗುರುತು ಬರೆಯತೊಡಗಿದರು. ಬೇರೆಯವರ ಪುಟದ ಮೂಲವನ್ನು ತೆರೆದು ನೋಡುವುದೇ ಅವರ ಪಾಠಶಾಲೆ. 1995ರಲ್ಲಿ ವರ್ಮೀರ್ ಎಂಬ ಕಂಪನಿ ಫ್ರಂಟ್‌ಪೇಜ್ ತಂದಿತು. ಮರುವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 1997ರ ಕೊನೆಗೆ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಬಂತು. ಇವು ಅನಗತ್ಯ ಸಂಕೇತಗಳನ್ನು ತುಂಬಿ ಪುಟವನ್ನು ಭಾರ ಮಾಡುತ್ತವೆ ಎಂದು ಕೈಬರಹದ ಪಂಗಡದವರು ಮೂದಲಿಸುತ್ತಿದ್ದರು. ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ, ವಿಶೇಷವಾಗಿ ಫ್ರಂಟ್‌ಪೇಜ್ ವಿಷಯದಲ್ಲಿ.

ಕನ್ನಡಿಗರೂ ತಡಮಾಡಲಿಲ್ಲ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ 1996ರಲ್ಲೇ ಆರಂಭವಾಯಿತು. ಗಣಕದಲ್ಲಿ ಕನ್ನಡ ಅಷ್ಟರಲ್ಲಿ ಹಳೆಯ ವಿಷಯವೇ ಆಗಿತ್ತು. ಕೆ.ಪಿ. ರಾವ್ ಅವರ ‘ಸೇಡಿಯಾಪು’ ತಂತ್ರಾಂಶ ಉಚಿತವಾಗಿ ಕೈಯಿಂದ ಕೈಗೆ ಹೋಗುತ್ತಿತ್ತು. ಶ್ರೀಲಿಪಿ, ಆಕೃತಿಗಳು ಡಿಟಿಪಿ ಕೇಂದ್ರಗಳಿಗೆ ಬಂದಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’. ತಾಲ್ಲೂಕು ಕೇಂದ್ರದಲ್ಲಿ ಮದುವೆಯ ಆಮಂತ್ರಣ, ಕರಪತ್ರಗಳನ್ನು ಪೇಜ್‌ಮೇಕರಿನಲ್ಲಿ ಜೋಡಿಸಿ ರೂಢಿಯಾದವರಿಗೆ ಫ್ರಂಟ್‌ಪೇಜ್ ಅಪರಿಚಿತವೆನಿಸುವಂತಿರಲಿಲ್ಲ. ಫಾಂಟ್ ಆಯ್ದುಕೊಂಡು ಬೆರಳಚ್ಚಿಸಿದರೆ ಕನ್ನಡ ಕಾಣುತ್ತಿತ್ತು. ಅಷ್ಟಾದರೆ ಸಾಕಲ್ಲ!

ಸಾಕಾಗಲಿಲ್ಲ. ಆ ಫಾಂಟುಗಳಲ್ಲಿ ‘ಕ’ ಎಂಬ ಅಕ್ಷರಕ್ಕೆ ಸ್ವಂತ ಸ್ಥಾನವೇ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಮಾಡಿದ್ದ ಇನ್ನೂರು ಚಿಲ್ಲರೆ ಮನೆಗಳಲ್ಲಿ ಕನ್ನಡದ ಅಕ್ಷರಗಳ ತುಂಡುಗಳನ್ನು, ತಲಕಟ್ಟು, ಗುಡಿಸು, ಒತ್ತುಗಳನ್ನು, ಅಚ್ಚುಮೊಳೆಗಳಂತೆ ಜೋಡಿಸಲಾಗಿತ್ತು. ಯಾವ ಮನೆಯಲ್ಲಿ ಯಾವ ತುಂಡು ಎಂಬುದನ್ನು ಒಂದೊಂದು ಸಂಸ್ಥೆಯೂ ತನಗೆ ತೋಚಿದಂತೆ ಗೊತ್ತುಮಾಡಿಕೊಂಡಿತ್ತು. ‘ನುಡಿ’ಯ ಹಳೆಯ ಕಡತದಲ್ಲಿ ‘ಕನ್ನಡ’ ಎಂಬ ಪದದ ಜಾಗದಲ್ಲಿ ನಿಜಕ್ಕೂ ಇರುವುದು ರೋಮನ್ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ‘ಕ್ಯೂ’. ಫಾಂಟ್ ಇರುವ ಗಣಕದಲ್ಲಿ ಅದು ಕನ್ನಡ. ಇಲ್ಲದ ಕಡೆ ಕಲಸುಮೇಲೋಗರ.

ದೃಶ್ಯ ಸಂಪಾದಕದಲ್ಲಿ ಕೆಲಸ ಮಾಡುವವರಿಗೆ ಇದು ಕಾಣುವಂತೆಯೇ ಇರಲಿಲ್ಲ. ಮೇಲಾಗಿ ಫ್ರಂಟ್‌ಪೇಜ್ ತನ್ನ ಮೂಲ ಸಿದ್ಧತೆಯಲ್ಲಿ, ಯಾರೂ ಕೇಳದೆಯೇ, ಪುಟದ ನೆತ್ತಿಯ ಮೇಲೆ ಎರಡು ಸಾಲು ಬರೆದಿಡುತ್ತಿತ್ತು: ಈ ಪುಟದ ಭಾಷೆ ಅಮೆರಿಕದ ಇಂಗ್ಲಿಷ್, ಇದರ ಅಕ್ಷರಗಳು ಪಶ್ಚಿಮ ಯುರೋಪಿನವು. ವಚನಗಳನ್ನು ಹಾಕಿದ ಪುಟಕ್ಕೂ ಅದೇ ಮೊಹರು. ಅಂತಹ ಪುಟಗಳಲ್ಲಿ ಕನ್ನಡ ಪದವನ್ನು ಹುಡುಕಲು ಶೋಧಕ ಯಂತ್ರಗಳಿಗೆ ದಾರಿಯಿರಲಿಲ್ಲ. ಅಂಧರಿಗಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸಿಗುತ್ತಿದ್ದುದೂ ಪಿ, ಎ, ಪೌಂಡ್‌ಗಳೇ.

ಹಾಗೆಂದು ಕೈಯಲ್ಲಿ ಬರೆದವರೆಲ್ಲ ಪಾರಾದರು ಎನ್ನುವಂತಿಲ್ಲ. ಅವರಲ್ಲಿ ಬಹುಮಂದಿಯೂ ಫಾಂಟಿನ ಹೆಸರನ್ನು ಸಂಕೇತದಲ್ಲಿ ಬರೆದು, ಅದೇ ಕಲಸುಮೇಲೋಗರವನ್ನು ಅಂಟಿಸುತ್ತಿದ್ದರು. ವ್ಯತ್ಯಾಸವಿಷ್ಟೆ, ಅದು ಅವರ ಕಣ್ಣಿಗೆ ಬೀಳುತ್ತಿತ್ತು. ಫಾಂಟ್ ಇಲ್ಲದ ಓದುಗನಿಗೂ ಅಕ್ಷರ ಕಾಣಿಸಲೆಂದು 1997ರಲ್ಲಿ ಚಲನಶೀಲ ಫಾಂಟುಗಳು ಬಂದಾಗ, ನೆಟ್‌ಸ್ಕೇಪ್‌ಗೆ ಒಂದು ಬಗೆ, ಎಕ್ಸ್‌ಪ್ಲೋರರ್‌ಗೆ ಇನ್ನೊಂದು ಬಗೆ ಬೇಕಾಯಿತು. ಕಡತ ತೆರೆದು ಎರಡನ್ನೂ ಸೇರಿಸುವ ಕೆಲಸ ಸಂಕೇತ ಬಲ್ಲವರಿಗೇ ಬಿತ್ತು. ಆದರೆ ಅದೂ ತೋರಿಕೆಯ ಮದ್ದೇ. ಒಳಗಿನ ರೋಗ ಹಾಗೆಯೇ ಉಳಿಯಿತು.

ನಿಜವಾದ ಮದ್ದು ಇರಲಿಲ್ಲವೆಂದಲ್ಲ. 1991ರಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅದರಲ್ಲಿ ‘ಕ’ದ ಸಂಖ್ಯೆ 3221, ‘ಮ’ದ್ದು 3246, ಫಾಂಟ್ ಯಾವುದಾದರೂ ಸರಿ, ಈ ಸಂಖ್ಯೆ ಬದಲಾಗದು. ಕೈಬರಹದ ಪಂಗಡದವರು ಬಯಸಿದ್ದರೆ ಈ ಸಂಖ್ಯೆಗಳನ್ನೇ ಪುಟದಲ್ಲಿ ಬರೆಯಬಹುದಿತ್ತು. ಆದರೆ ಒಂದೊಂದು ಸಂಖ್ಯೆಯನ್ನೂ ಅದರ ಚಿಹ್ನೆಗಳೊಡನೆ ಬರೆಯಲು ಏಳು ಸಲ ಕೀಲಿ ಒತ್ತಬೇಕು; ‘ಮಸ್ಕಿ’ ಎಂಬ ಎರಡಕ್ಷರದ ಊರಿಗೆ, ವಿರಾಮ ಮತ್ತು ಗುಡಿಸು ಸೇರಿ, ಮೂವತ್ತೈದು. ಇಷ್ಟು ಪಾಡುಪಟ್ಟರೂ ಓದುಗನ ಗಣಕದಲ್ಲಿ ಅದಕ್ಕೆ ತಕ್ಕ ಫಾಂಟ್ ಇರಬೇಕು. ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಫಾಂಟ್ ಬಂದದ್ದು 2001ರಲ್ಲಿ. ಅದಕ್ಕೆ ಮೊದಲು ಫಾಂಟಿನ ಅಡ್ಡದಾರಿ ಹಿಡಿದವರನ್ನು ದೂರುವುದು ನ್ಯಾಯವಲ್ಲ. ಆಮೇಲೆಯೂ ವರ್ಷಗಟ್ಟಲೆ ಅದೇ ದಾರಿಯಲ್ಲಿ ನಡೆದ ಸಂಸ್ಥೆಗಳ ಮಾತು ಬೇರೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯುನಿಕೋಡನ್ನೇ ನೆಚ್ಚಿಕೊಂಡಿತು. ಅಲ್ಲಿನ ಲೇಖಕರು ಚೌಕಾವರಣ, ಸಮಚಿಹ್ನೆಗಳ ಸರಳ ಸಂಕೇತವನ್ನು ಕೈಯಾರೆ ಬರೆಯುತ್ತಿದ್ದರು. ದೃಶ್ಯ ಸಂಪಾದಕ ವಿಕಿಪೀಡಿಯಗಳಿಗೆ ಬಂದದ್ದು ಸುಮಾರು ಹತ್ತು ವರ್ಷಗಳ ಬಳಿಕ. ಆಗ ಎರಡರಲ್ಲಿ ಯಾವುದನ್ನು ಹಿಡಿದರೂ ಒಳಗೆ ಉಳಿಯುತ್ತಿದ್ದುದು ಒಂದೇ ಕನ್ನಡ. ಫ್ರಂಟ್‌ಪೇಜ್ 2006ರಲ್ಲಿ ನಿಂತುಹೋಯಿತು.

ಅದರ ಕಾಲದ ಕನ್ನಡ ಪುಟಗಳಲ್ಲಿ ಉಳಿದುಕೊಂಡವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಈಗಿವೆ. ಆದರೆ ಕೆಲಸ ಅಷ್ಟು ಸಲೀಸಲ್ಲ. ಹಳೆಯ ಕಡತದಲ್ಲಿ ‘ಧರ್ಮ’ ಎಂದರೆ ಧ, ಮ, ಕೊನೆಗೆ ಅರ್ಕಾವತ್ತು. ಯುನಿಕೋಡಿನಲ್ಲಿ ‘ಮ’ಕ್ಕಿಂತ ಮೊದಲು ‘ರ’ಕಾರ ಬರಬೇಕು. ಹೀಗೆ ಒಂದೊಂದು ಪದದಲ್ಲೂ ಹಿಂದುಮುಂದು ಮಾಡಬೇಕು, ಜೊತೆಗೆ ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳನ್ನು ಮುಟ್ಟದೆ ಬಿಡಬೇಕು. ಒಂದೊಂದು ಫಾಂಟಿಗೂ ಒಂದೊಂದು ಪಟ್ಟಿ ಬೇಕು. ಯಾವ ಫಾಂಟಿನದೆಂದು ಗೊತ್ತಾಗದ ಪುಟ ಎದುರಾದರೆ, ಪ್ರಿನ್ಸೆಪ್ ಮಾಡಿದಂತೆ ಪದೇ ಪದೇ ಬರುವ ಗುರುತುಗಳನ್ನು ಎಣಿಸುತ್ತ ಒಂದೊಂದೇ ಅಕ್ಷರವನ್ನು ಊಹಿಸಬೇಕಾಗುತ್ತದೆ.