ಕೋಳಿಮನೆಯ ದುಂಬಿ ಮತ್ತು ಎರಡು ಬ್ಯಾಕ್ಟೀರಿಯಾಗಳು

ಕೋಳಿ ಫಾರಂನಲ್ಲಿ ಕಾಲಡಿಯ ಹೊಟ್ಟು ಕೆದಕಿದರೆ ಪುಟ್ಟ ಕಪ್ಪು ದುಂಬಿಗಳು ರಾಶಿ ರಾಶಿ ಹೊರಬೀಳುವುದುಂಟು. ಆಲ್ಫಿಟೋಬಿಯಸ್ ಡಯಾಪೆರಿನಸ್ ಅಂತ ಹೆಸರು, ಉದ್ದ ಬರೀ 6 ಮಿಲಿಮೀಟರ್. ಚೆಲ್ಲಿದ ಮೇವು, ಹಿಕ್ಕೆ, ಸತ್ತ ಕೋಳಿ ಎಲ್ಲವೂ ಅದಕ್ಕೆ ಊಟ. ಸಾಲ್ಮೊನೆಲ್ಲಾ ಹೊತ್ತು ತಿರುಗುತ್ತದೆ, ಕೋಳಿ ಅದನ್ನೇ ಹೆಕ್ಕಿ ತಿನ್ನುತ್ತದೆ. ಚಳಿ ದೇಶಗಳಲ್ಲಂತೂ ಇದರ ಮರಿಹುಳುಗಳು ಗೋಡೆ ಹತ್ತಿ, ಶೆಡ್ಡು ಬೆಚ್ಚಗಿರಲೆಂದು ಹಾಕಿದ ಥರ್ಮೋಕೋಲನ್ನೇ ಕೊರೆದುಬಿಡುತ್ತವೆ. ವಿಷ ಹೊಡೆಯೋಣವೆಂದರೆ ಕೋಳಿ ಅಲ್ಲೇ ಇದೆ! ಬ್ಯಾಕ್ಟೀರಿಯಾದಿಂದ ಆಗುತ್ತದೆಯೇ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಕತೆ ಇದು.

1901ರಲ್ಲಿ ಜಪಾನಿನ ಇಶಿವಾಟಾ, ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಸಾಯುವುದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ಕಂಡುಕೊಂಡ. (ಹಿಪ್ಪುನೇರಳೆ ತೋಟದ ಹತ್ತಿರ ಬಿಟಿ ಸಿಂಪಡಿಸಬಾರದು ಅನ್ನುವುದು ಇದಕ್ಕೇ.) 1911ರಲ್ಲಿ ಜರ್ಮನಿಯ ಬರ್ಲಿನರ್‌ಗೆ ಅದೇ ಜಾತಿಯದು ಹಿಟ್ಟಿನ ಪತಂಗದ ಹುಳುವಿನಲ್ಲಿ ಸಿಕ್ಕಿತು. ತುರಿಂಗಿಯಾ ಪ್ರಾಂತ್ಯದ ನೆನಪಿಗೆ 1915ರಲ್ಲಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅಂತ ಹೆಸರಿಟ್ಟ. ನಾವು ಬಿಟಿ ಅನ್ನುವುದು ಇದನ್ನೇ. ಇದು ತಯಾರಿಸುವ ಪ್ರೋಟೀನಿನ ಹರಳು ಹುಳುವಿನ ಹೊಟ್ಟೆಯಲ್ಲಿ ಕರಗಿ, ಕರುಳಿನ ಗೋಡೆಗೆ ತೂತು ಮಾಡುತ್ತದೆ.

ಆದರೆ ದುಂಬಿಗಳು ಮಾತ್ರ ಬಹಳ ಕಾಲ ಇದಕ್ಕೆ ಜಗ್ಗಲಿಲ್ಲ. ಕೊನೆಗೆ ಜರ್ಮನಿಯಲ್ಲಿ ಹಿಟ್ಟಿನ ದುಂಬಿಯ ಸತ್ತ ಕೋಶವೊಂದರಲ್ಲಿ ಹೊಸ ತಳಿ ಸಿಕ್ಕಿತು. ಕ್ರೀಗ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿ, ಟೆನೆಬ್ರಿಯೋನಿಸ್ ಅಂತ ಕರೆದರು. ಹಿಟ್ಟಿನ ದುಂಬಿಯೂ ಕೋಳಿಮನೆಯದೂ ಒಂದೇ ಕುಟುಂಬ, ದಾಯಾದಿಗಳು. ಹಾಗಾಗಿ ಇದು ನೇರ ಕೋಳಿಮನೆಗೆ ಹೋಗಬೇಕಿತ್ತು ಅಲ್ವಾ? ಹೆಸರು ಮಾಡಿದ್ದು ಆಲೂಗಡ್ಡೆ ಹೊಲದಲ್ಲಿ, ಕೊಲೊರಾಡೊ ದುಂಬಿಯ ಮೇಲೆ! ಬಿಟಿ ಹೊಟ್ಟೆಗೆ ಹೋದರೆ ಮಾತ್ರ ಕೊಲ್ಲುತ್ತದೆ. ಎಲೆ ತಿನ್ನುವ ಹುಳುವಿಗೆ ಎಲೆಯ ಮೇಲೆ ಸಿಂಪಡಿಸಿದರಾಯ್ತು. ಹೊಟ್ಟಿನಡಿ ಸಿಕ್ಕಿದ್ದೆಲ್ಲ ತಿನ್ನುವವನಿಗೆ ಉಣಿಸುವುದು ಹೇಗೆ?

ಅತ್ತ 1982ರಲ್ಲಿ ಕೆರಿಬಿಯನ್ ದ್ವೀಪವೊಂದರ ಪಾಳುಬಿದ್ದ ರಮ್ ಕಾರ್ಖಾನೆಯ ಮಣ್ಣನ್ನು, ರಜೆಗೆ ಹೋಗಿದ್ದ ವಿಜ್ಞಾನಿಯೊಬ್ಬರು ಕಟ್ಟಿಕೊಂಡು ಬಂದರು. ಅದರಲ್ಲಿದ್ದದ್ದು ಸ್ಯಾಕರೋಪಾಲಿಸ್ಪೋರಾ ಸ್ಪಿನೋಸಾ ಎಂಬ ಹೊಸ ಬ್ಯಾಕ್ಟೀರಿಯಾ. ಅದನ್ನು ಹುದುಗಿಸಿ ತೆಗೆದ ಸ್ಪಿನೋಸಾಡ್ 1997ರಲ್ಲಿ ಅಮೆರಿಕದ ಹತ್ತಿ ಹೊಲಕ್ಕೆ ಬಂತು, ಆಮೇಲೆ ಕೋಳಿಮನೆಗೂ. ಮೈಗೆ ತಾಗಿದರೂ ಸಾಕು, ದುಂಬಿಯ ನರಗಳು ಕೆಡುತ್ತವೆ. ಇದು ಜೀವಂತ ಬ್ಯಾಕ್ಟೀರಿಯಾ ಅಲ್ಲ, ಅದರ ಉತ್ಪನ್ನ. ಜೈವಿಕ ನಿಯಂತ್ರಣ ಅನ್ನಲು ನನಗೆ ಸ್ವಲ್ಪ ಮುಜುಗರವೇ. ಇರಲಿ, ಕೆಲಸಕ್ಕಂತೂ ಬಂತು.

ಎಷ್ಟು ದಿನಕ್ಕೆ ಅನ್ನುವುದು ಬೇರೆ ಮಾತು. ಹವಾಯಿಯ ಕೋಸಿನ ಹೊಲಗಳಲ್ಲಿ ವಜ್ರಬೆನ್ನಿನ ಪತಂಗ 2000ದ ಹೊತ್ತಿಗೇ ಸ್ಪಿನೋಸಾಡಿಗೆ ಒಗ್ಗಿಹೋಗಿತ್ತು.