ಮಗದುಮ್: ಒಂದು ಅಡ್ಡಹೆಸರಿನ ಚರಿತ್ರೆ

ಬೆಳಗಾವಿ ಜಿಲ್ಲೆಯ ಅಡ್ಡಹೆಸರುಗಳಲ್ಲಿ ಬಹುಪಾಲು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ಊರಿನಿಂದ ಬಂದ ಹೆಸರು ಹುಕ್ಕೇರಿ, ವೃತ್ತಿಯಿಂದ ಬಂದ ಹೆಸರು ಬಡಿಗೇರ, ಅಧಿಕಾರದಿಂದ ಬಂದ ಹೆಸರು ದೇಸಾಯಿ. ಇವುಗಳ ನಡುವೆ ಕೇಳಿದೊಡನೆ ಅರ್ಥ ಹೊಳೆಯದ ಒಂದು ಹೆಸರಿದೆ. ಅದು ‘ಮಗದುಮ್’. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳಲ್ಲಿಯೂ, ಅಲ್ಲಿಂದ ಚಿಕ್ಕೋಡಿ, ರಾಯಬಾಗಗಳನ್ನು ದಾಟಿ ಗಡಿಯಾಚೆಯ ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳಲ್ಲಿಯೂ ಈ ಮನೆತನಗಳಿವೆ. ಮಗದುಮ್, ಮಗದುಮ, ಮಗದುಮ್ಮ ಎಂದು ಬರವಣಿಗೆಯಲ್ಲಿ ರೂಪಗಳು ಬದಲಾಗುತ್ತವೆ. ಜೈನರಲ್ಲಿ ಇದು ವಿಶೇಷವಾಗಿ ಪರಿಚಿತ. ಲಿಂಗಾಯತ ಮತ್ತು ಮರಾಠಾ ಮನೆತನಗಳಲ್ಲಿಯೂ ಉಂಟು. ನಾಡಿನ ದಕ್ಷಿಣ ಭಾಗದ ಜೈನರಿಗೆ ಮಾತ್ರ ಇದು ಅಪರಿಚಿತ.

ಜೈನ ಮನೆತನದ ಹೆಸರೆಂದ ಕೂಡಲೇ ಮಹಾವೀರನ ವಿಹಾರಭೂಮಿಯಾದ ಮಗಧದ ನೆನಪಾಗುವುದು ಸಹಜ. ಆದರೆ ಈ ಧ್ವನಿಸಾಮ್ಯ ಆಕಸ್ಮಿಕವಾದುದು. ‘ಮಗಧ’ದಿಂದ ‘ಮಾಗಧ’ವಾಗಬಹುದೇ ಹೊರತು ಕೊನೆಯ ‘ಉಮ್’ ಬರಲು ಕನ್ನಡದಲ್ಲಾಗಲಿ ಪ್ರಾಕೃತದಲ್ಲಾಗಲಿ ದಾರಿಯಿಲ್ಲ. ಈ ಪದದ ಮೂಲವನ್ನು ಅರಬಿಯ ‘ಮಖ್ದೂಮ್’ ಎಂಬುದರಲ್ಲಿ ಕಾಣಬೇಕು. ಸೇವೆ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಕರ್ಮಣಿ ರೂಪ ಇದು. ‘ಸೇವೆಗೊಳ್ಳುವವನು’, ಎಂದರೆ ಒಡೆಯ, ಮಾನ್ಯ ಎಂದು ಇದರ ಅರ್ಥ. ಅದೇ ಧಾತುವಿನ ‘ಖಿದಮತ್ತು’ ಸೇವೆಯನ್ನೂ ‘ಖಾದಿಮ’ ಸೇವಕನನ್ನೂ ಸೂಚಿಸುತ್ತವೆ.

ಮಖ್ದೂಮ್ ಮಗದುಮ್ ಆದ ಬಗೆಯನ್ನು ಕನ್ನಡದ ವಿದ್ಯಾರ್ಥಿಗಳು ಸುಲಭವಾಗಿ ಗುರುತಿಸಬಲ್ಲರು. ಮಹಾಪ್ರಾಣ ಆಡುಮಾತಿನಲ್ಲಿ ಉಳಿಯುವುದಿಲ್ಲ. ಉಳಿದ ಕಕಾರ ಘೋಷವ್ಯಂಜನವಾದ ದಕಾರದ ನೆರೆಯಲ್ಲಿ ಗಕಾರವಾಗುತ್ತದೆ. ವಾಕ್ ಮತ್ತು ದೇವಿ ಸೇರಿ ವಾಗ್ದೇವಿಯಾಗುವುದೂ ಇದೇ ಬಗೆಯ ಮಾರ್ಪಾಡು. ಬಳಿಕ ಸಂಯುಕ್ತಾಕ್ಷರ ಸ್ವರಭಕ್ತಿಯಿಂದ ಬಿಡಿಯಾಗುತ್ತದೆ. ‘ಹುಕ್ಮ್’ ಹುಕುಮು ಆದದ್ದು, ‘ಜುಲ್ಮ್’ ಜುಲುಮೆಯಾದದ್ದು ಈ ಕ್ರಮದಲ್ಲಿಯೇ. ದೀರ್ಘ ‘ದೂ’ ಹ್ರಸ್ವವಾಗಲು ಲಿಪಿಯೂ ನೆರವಾಗಿರಬೇಕು. ಈ ಸೀಮೆಯ ಕುಲಕರ್ಣಿಗಳ ದಫ್ತರಗಳಲ್ಲಿ ಬಳಕೆಯಲ್ಲಿದ್ದ ಮೋಡಿ ಲಿಪಿಯಲ್ಲಿ ಉಕಾರದ ಹ್ರಸ್ವ ದೀರ್ಘಗಳಿಗೆ ಸಾಮಾನ್ಯವಾಗಿ ಭೇದವಿಲ್ಲ. ‘ಮಗದುಮ’ ಎಂಬ ಅಕಾರಾಂತ ರೂಪವೂ ಕನ್ನಡದ ಜಾಯಮಾನಕ್ಕೆ ಒಪ್ಪುವಂಥದು. ಹಕೀಮ್ ಹಕೀಮನಾದಂತೆ, ಗುಲಾಮ್ ಗುಲಾಮನಾದಂತೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಊರ ಮುಖ್ಯಸ್ಥನನ್ನು ಸೂಚಿಸುವ ‘ಮುಕದ್ದಮ್’ ಎಂಬ ಇನ್ನೊಂದು ಅರಬಿ ಪದವಿದೆ. ಮಗದುಮ್ ಅದರದೇ ರೂಪವೇಕಾಗಬಾರದು? ಆ ಪದದ ಧಾತು ಬೇರೆ. ‘ಮುಂದೆ ನಿಲ್ಲಿಸಲ್ಪಟ್ಟವನು’ ಎಂದು ಅದರ ಅರ್ಥ. ಅದರಲ್ಲಿ ಉಕಾರ ಮೊದಲ ಅಕ್ಷರದಲ್ಲಿದ್ದು ದಕಾರ ದ್ವಿತ್ವವಾಗಿದೆ. ಮರಾಠಿಯಲ್ಲಿ ಅದು ‘ಮುಕಾದಮ’ ಎಂದು ಬೇರೆಯೇ ಆಗಿ ಉಳಿದುಕೊಂಡಿದೆ. ಮಗದುಮ್ ಪದದಲ್ಲಿ ಉಕಾರ ಕೊನೆಯಲ್ಲಿದೆ. ಸ್ವರಗಳ ಈ ಕ್ರಮ ಮಖ್ದೂಮ್ ಮೂಲವನ್ನೇ ಸಮರ್ಥಿಸುತ್ತದೆ.

ಈ ಪದ ದಖ್ಖನಿಗೆ ಬಂದದ್ದು ಎರಡು ದಾರಿಗಳಲ್ಲಿ. ಒಂದು ಸೂಫಿ ಸಂತರದು. ಮುಂಬಯಿಯ ಮಾಹಿಮಿನಲ್ಲಿ ಸಮಾಧಿಯಿರುವ ಮಖ್ದೂಮ್ ಅಲಿ ಮಾಹಿಮಿ (1372–1431) ಅವರ ಹೆಸರಿನಲ್ಲಿ ಅದು ಪೂಜ್ಯತಾವಾಚಕ. ಇನ್ನೊಂದು ಅರಮನೆಯದು. ಬಹಮನಿ ರಾಜ್ಯದಲ್ಲಿ ಬಾಲಕ ಸುಲ್ತಾನರ ಪರವಾಗಿ ಆಡಳಿತದ ಹೊಣೆ ಹೊತ್ತ ರಾಜಮಾತೆಯ ಬಿರುದು ‘ಮಖ್ದೂಮಾ-ಎ-ಜಹಾನ್’. ಆಕೆಯ ಮಗ ಮೂರನೆಯ ಮುಹಮ್ಮದನ ಆಳ್ವಿಕೆಯಲ್ಲಿ, 1472ರ ಸುಮಾರಿಗೆ, ಮಹಮೂದ್ ಗವಾನನಿದ್ದ ಬಹಮನಿ ಸೇನೆ ಬೆಳಗಾವಿ ಕೋಟೆಯನ್ನು ಗೆದ್ದಿತು. ಮುಂದೆ ಈ ಸೀಮೆ ವಿಜಾಪುರದ ಆದಿಲಶಾಹಿಗಳ ವಶವಾಯಿತು. ಹುಕ್ಕೇರಿಯ ಗುಮ್ಮಟಗಳು ಆ ಕಾಲದ ಸಾಕ್ಷಿಗಳಾಗಿ ಇಂದಿಗೂ ನಿಂತಿವೆ. 1686ರಲ್ಲಿ ವಿಜಾಪುರ ಔರಂಗಜೇಬನಿಗೆ ಸೋಲುವವರೆಗೆ ಇಲ್ಲಿನ ಊರಾಡಳಿತದ ಪರಿಭಾಷೆ ಪಾರಸಿ-ಅರಬಿ ಪದಗಳಿಂದ ತುಂಬಿತು. ಮೊದಲನೆಯ ಇಬ್ರಾಹಿಂ ಆದಿಲಶಹನ (1534–1558) ಕಾಲದಲ್ಲಿ ಕಂದಾಯದ ಲೆಕ್ಕಪತ್ರಗಳು ಪಾರಸಿಯಿಂದ ದೇಶಭಾಷೆಗೆ ಬಂದವು. ಭಾಷೆ ಬದಲಾದರೂ ಪದಗಳು ಹೋಗಲಿಲ್ಲ. ಸ್ಥಳೀಯ ಲೆಕ್ಕಿಗರ ಕೈಯಲ್ಲಿ ಅವು ಸ್ಥಳೀಯ ರೂಪ ತಳೆದವು. ಇನಾಮದಾರ, ಜಮಾದಾರ, ಮುಜುಮದಾರ ಮೊದಲಾದ ಅಡ್ಡಹೆಸರುಗಳು ಈ ಪರಂಪರೆಯವು.

ಮಗದುಮ್ ಹೆಸರನ್ನು ಈ ಸಾಲಿನಲ್ಲಿಯೇ ಇಟ್ಟು ಓದುವುದು ಯುಕ್ತ. ಸಂತರ ಮೇಲಿನ ಭಕ್ತಿಯಿಂದ ಬಂದಿದ್ದರೆ ಅದು ವ್ಯಕ್ತಿನಾಮವಾಗಿ ಉಳಿಯಬೇಕಾಗಿತ್ತು. ಮುಸಲ್ಮಾನರಲ್ಲಿ ಹಾಗೆಯೇ ಉಳಿದಿದೆ. ಹೈದರಾಬಾದಿನ ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನ್ (1908–1969) ಅವರಲ್ಲಿ ಅದು ವ್ಯಕ್ತಿಯ ಹೆಸರು. ಬೆಳಗಾವಿಯ ಜೈನರಲ್ಲಿಯಾದರೋ ಅದು ವಂಶದ ಹೆಸರು. ಪಾಟೀಲ, ಚೌಗಲಾ ಎಂಬ ಹೆಸರುಗಳ ಸಂಗಡ ಕೇಳಿಬರುವಂಥದು. ಪಾಟೀಲ ಊರಿನ ಮುಖ್ಯಾಧಿಕಾರಿ, ಚೌಗಲಾ ಅವನ ಸಹಾಯಕ. ಇವೆರಡೂ ವತನಿನ ಪದಗಳಾಗಿರುವಾಗ ಅವುಗಳ ಒಡನಾಡಿಯಾದ ಮಗದುಮ್ ಕೂಡ ಊರಿನ ಮಾನಮರ್ಯಾದೆಗೆ ಸಂಬಂಧಿಸಿದ ಪದವೆಂದು ತಿಳಿಯುವುದು ಸಮಂಜಸ. ಒಂದೇ ಹೆಸರು ಜೈನ, ಲಿಂಗಾಯತ, ಮರಾಠಾ ಮೂವರಲ್ಲಿಯೂ ಇರುವುದಕ್ಕೆ ಕಾರಣ ಇದರಿಂದ ತಿಳಿಯುತ್ತದೆ. ಆಯಾ ಊರಿನ ಪ್ರಬಲ ಒಕ್ಕಲು ಮನೆತನಕ್ಕೆ ಮರ್ಯಾದೆ ಸಲ್ಲುತ್ತಿತ್ತು; ಆ ಮನೆತನದ ಮತ ಯಾವುದೆಂಬುದು ಮುಖ್ಯವಾಗಿರಲಿಲ್ಲ.

ಜೈನರ ಮಟ್ಟಿಗೆ ಇದು ಹೊಸ ರೂಢಿಯೇನೂ ಅಲ್ಲ. ಗೋಕಾಕದಲ್ಲಿ ದೊರೆತ ದೆಜ್ಜ ಮಹಾರಾಜನ ಕಾಲದ ತಾಮ್ರಶಾಸನ ಆರ್ಯನಂದಿ ಎಂಬ ಜೈನಾಚಾರ್ಯನಿಗೆ ಕೊಟ್ಟ ದಾನವನ್ನು ಹೇಳುತ್ತದೆ. ಈ ನೆಲದ ಜೈನ ನೆಲೆ ಅಷ್ಟು ಹಳೆಯದು. ಗೋಕಾಕದ ಬಳಿಯ ಕೊಣ್ಣೂರಿನಲ್ಲಿ ರಟ್ಟರ ಕಾಲದಲ್ಲಿ ಬಸದಿ ಕಟ್ಟಿಸಿದವನು ನಿಧಿಯಮ ಗಾಮುಂಡ. ಅವನ ಹೆಸರಿನ ಉತ್ತರಾರ್ಧವೂ ಅಧಿಕಾರಪದವೇ. ಇಂದಿನ ಗೌಡ ಎಂಬುದರ ಪೂರ್ವರೂಪ. ಗಾಮುಂಡನೆಂದು ಬಸದಿ ಕಟ್ಟಿಸಿದ ಸಮಾಜವೇ ಕೆಲವು ಶತಮಾನಗಳ ಬಳಿಕ ಮಗದುಮ್ ಎಂಬ ಹೆಸರನ್ನೂ ಧರಿಸಿತು. ಪ್ರಭುತ್ವ ಬದಲಾದಾಗ ಪದ ಬದಲಾಯಿತು. ಪೂಜಿಸುವ ಜಿನನಾಗಲಿ ನಡೆಯುವ ವ್ರತವಾಗಲಿ ಬದಲಾಗಲಿಲ್ಲ. ಇದಕ್ಕೆ ಹೋಲಿಕೆಯಾಗಿ ತುಳುನಾಡನ್ನು ನೋಡಬಹುದು. ಅಲ್ಲಿನ ಜೈನರಲ್ಲಿ ಹೆಗ್ಗಡೆ, ಬಲ್ಲಾಳ ಎಂಬ ಹೆಸರುಗಳಿವೆ. ಅರಬಿ ಮೂಲದ ಹೆಸರುಗಳು ಅಪರೂಪ. ಧರ್ಮ ಒಂದೇ ಆದರೂ ಆಳಿದ ವ್ಯವಸ್ಥೆಗಳು ಬೇರೆಯಾದುದರಿಂದ ಹೆಸರುಗಳು ಬೇರೆಯಾದವು. ಬೆಳಗಾವಿ ಸೀಮೆಯಲ್ಲಿಯೇ ಬಸದಿಯ ಪೌರೋಹಿತ್ಯದ ಮನೆತನಗಳು ‘ಉಪಾಧ್ಯೆ’ ಎಂಬ ಸಂಸ್ಕೃತ ಮೂಲದ ಹೆಸರನ್ನು ಕಾಯ್ದುಕೊಂಡವು. ಸದಲಗಾದಲ್ಲಿ 1906ರಲ್ಲಿ ಜನಿಸಿದ ಪ್ರಾಕೃತ ವಿದ್ವಾಂಸ ಆ. ನೇ. ಉಪಾಧ್ಯೆಯವರ ಹೆಸರು ಇದಕ್ಕೆ ನಿದರ್ಶನ. ಬಸದಿಯೊಳಗಿನ ಕಾರ್ಯ ಒಂದು ಭಾಷೆಯ ಹೆಸರನ್ನು ಕೊಟ್ಟಿತು, ಚಾವಡಿಯ ಕಾರ್ಯ ಇನ್ನೊಂದು ಭಾಷೆಯ ಹೆಸರನ್ನು ಕೊಟ್ಟಿತು.

ಮರ್ಯಾದೆಯ ಪದ ವಂಶದ ಹೆಸರಾಗಿ ಗಟ್ಟಿಯಾದದ್ದು ಬ್ರಿಟಿಷರ ಕಾಲದಲ್ಲಿ. 1836ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. 1874ರ ಮುಂಬಯಿ ವತನ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ಕಾನೂನಿನ ಚೌಕಟ್ಟಿಗೆ ತಂದಿತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮುಂಬಯಿ ಪ್ರಾಂತದ ಕ್ರಮ ಹೊಲದ ಉತಾರಗಳಲ್ಲಿಯೂ ಶಾಲೆಯ ಹಾಜರಿಪುಸ್ತಕಗಳಲ್ಲಿಯೂ ನೆಲೆಗೊಂಡಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವತನುಗಳು ಕೊನೆಗೊಂಡವು. ಅವುಗಳಿಂದ ಬಂದ ಹೆಸರುಗಳು ಉಳಿದವು. ಮೂಡಲಗಿ ಈಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾಯಿತು. 1956ರಲ್ಲಿ ರಾಜ್ಯಗಳ ಗಡಿಯೇ ಬದಲಾಗಿತ್ತು. ಘಟಪ್ರಭೆಯ ದಡದ ಮಗದುಮ್ ಮನೆತನಕ್ಕೂ ಪಂಚಗಂಗೆಯ ದಡದ ಮಗದುಮ್ ಮನೆತನಕ್ಕೂ ಇಂದು ಶಾಲೆಯ ಭಾಷೆ ಬೇರೆ. ಅಡ್ಡಹೆಸರು ಮಾತ್ರ ಗಡಿಪೂರ್ವದ ಏಕಸೀಮೆಯನ್ನು ನೆನಪಿಸುತ್ತದೆ.

ಸಂಶೋಧಕರು ಇದರಿಂದ ಗಮನಿಸಬೇಕಾದ ಒಂದು ವಿಷಯವಿದೆ. ಅಡ್ಡಹೆಸರಿನ ಭಾಷೆಯನ್ನು ಆ ಮನೆತನದ ಧರ್ಮದ ಇಲ್ಲವೆ ಮತಾಂತರದ ಸಾಕ್ಷಿಯಾಗಿ ಓದುವುದು ತಪ್ಪಾಗುತ್ತದೆ. ಮುಜುಗರದಿಂದ ಅದಕ್ಕೆ ಸಂಸ್ಕೃತ ಮೂಲವನ್ನು ಕಲ್ಪಿಸುವುದು ಅಷ್ಟೇ ತಪ್ಪು. ಮಗದುಮ್ ಎಂಬ ಪದ ಅರಬಿಯದು, ಅದರ ಉಚ್ಚಾರಣೆ ಕನ್ನಡ-ಮರಾಠಿಯದು, ಅದನ್ನು ಧರಿಸಿದವರಲ್ಲಿ ಹಲವರು ಜೈನ ಒಕ್ಕಲಿಗರು. ಈ ಮೂರನ್ನೂ ಒಟ್ಟಿಗೆ ಒಪ್ಪಿಕೊಂಡಾಗ ಮಾತ್ರ ಆ ಹೆಸರಿನೊಳಗಿನ ಚರಿತ್ರೆ ತಿಳಿಯುತ್ತದೆ. ಶಾಸನಗಳು ನಿಂತುಹೋದ ಶತಮಾನಗಳ ಗ್ರಾಮಜೀವನಕ್ಕೆ ಇಂತಹ ಹೆಸರುಗಳೇ ಅಳಿಯದೆ ಉಳಿದ ದಾಖಲೆಗಳು.