ಮೂರ್ಕಲ್ ಹೋಟೆಲ್ ನಿಂತಿತು, ಹಾಡಿಯವರ ಅರ್ಜಿ ಏನಾಯಿತು?

ವೀರನಹೊಸಹಳ್ಳಿ ಗೇಟಿನ ಆಚೆಗಿನ ನಾಗರಹೊಳೆ ಕಾಡಿನೊಳಗೆ ಮೂರ್ಕಲ್ ಎಂಬ ಜಾಗವಿದೆ. ನಮ್ಮ ಕಡೆಯ ಹಿರಿಯರನ್ನು ಕೇಳಿದರೆ 'ತಾಜ್ ಹೋಟೆಲ್ ಗಲಾಟೆ' ಅಂದ ಕೂಡಲೇ ನೆನಪಾಗುತ್ತದೆ. ಕೋರ್ಟು ಎಂದರೆ ದುಡ್ಡಿದ್ದವರಿಗೆ ಮಾತ್ರ ಎನ್ನುವವರಿಗೆ ನಾನು ಮೊದಲು ಹೇಳುವ ಕಥೆ ಇದೇ.

1990ರ ದಶಕ. ಹಾಡಿಗಳ ಜೇನು ಕುರುಬರಿಗೆ, ಬೆಟ್ಟ ಕುರುಬರಿಗೆ, ಯರವರಿಗೆ 'ಕಾಡು ಬಿಟ್ಟು ಹೊರಗೆ ಬನ್ನಿ' ಎಂದು ಸರ್ಕಾರ ಹೇಳುತ್ತಿದ್ದ ಕಾಲ. ಅದೇ ಸರ್ಕಾರ ಅದೇ ಕಾಡಿನ ನಡುವೆ ಮೂರ್ಕಲ್‌ನಲ್ಲಿ ರೆಸಾರ್ಟ್ ಮಾಡಲು ತಾಜ್ ಗುಂಪಿನ ಕಂಪನಿಗೆ ಗುತ್ತಿಗೆ ಕೊಟ್ಟಿತು. ಅಜ್ಜನ ಕಾಲದಿಂದ ಇದ್ದವರು ಹುಲಿಗೆ ತೊಂದರೆ, ಹೋಟೆಲಿಗೆ ಬರುವವರು ತೊಂದರೆಯಲ್ಲ! ಆದಿವಾಸಿಗಳು ಬೀದಿಗಿಳಿದರು. ಜೊತೆಗೆ ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯ ಹೆಸರಿನಲ್ಲಿ ಹೈಕೋರ್ಟಿಗೂ ಹೋದರು.

1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ಕಾರಣ ಸರಳ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೇ ಕಲಂ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ಮೊದಲೇ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಇರಲಿಲ್ಲ. ಹೋಟೆಲ್ ನಿಂತಿತು.

ಆದರೆ ಒಂದು ವಿಷಯ ಗಮನಿಸಿ. ಆ ತೀರ್ಪು ಕಂಪನಿಯನ್ನು ತಡೆಯಿತೇ ಹೊರತು ಹಾಡಿಯವರಿಗೆ ಒಂದು ಗುಂಟೆ ಜಮೀನನ್ನೂ ಕೊಡಲಿಲ್ಲ. ಕೇಸು ಇದ್ದದ್ದು ಗುತ್ತಿಗೆಯ ಬಗ್ಗೆ, ಹಾಡಿಯ ಹಕ್ಕಿನ ಬಗ್ಗೆ ಅಲ್ಲ. ಕೋರ್ಟಿನಲ್ಲಿ ಏನು ಕೇಳುತ್ತೇವೋ ಉತ್ತರವೂ ಅದಕ್ಕೇ ಸಿಗುತ್ತದೆ. ವಕೀಲರು ಬರೆದ ಅರ್ಜಿಯ ಕೊನೆಯಲ್ಲಿ 'ಪ್ರಾರ್ಥನೆ' ಎಂಬ ಭಾಗ ಇರುತ್ತದಲ್ಲ, ಸಹಿ ಹಾಕುವ ಮೊದಲು ಅದನ್ನು ಓದಿಸಿ ಕೇಳಿ ಎಂದು ನಾನು ಹೇಳುವುದು ಇದಕ್ಕೇ.

ಹಾಡಿಗಳು ಖಾಲಿಯಾಗುವುದು ನಿಲ್ಲಲಿಲ್ಲ. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಕುಟುಂಬಗಳು ಬಂದವು. ಅದಕ್ಕೂ ಹಿಂದೆ ಯಾವ ಕಾಗದವೂ ಇಲ್ಲದೆ ಹೊರಬಿದ್ದವರು ಕಾಫಿ ತೋಟಗಳ ಲೈನ್‌ಮನೆ ಸೇರಿದ್ದರು. ಎಷ್ಟು ಜನ ಹೊರಬಿದ್ದರು ಎಂಬುದೇ ಜಗಳದ ವಿಷಯವಾಗಿತ್ತು. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು: 3,418 ಕುಟುಂಬಗಳು. ಲೆಕ್ಕಕ್ಕೇ ಸಿಗದಿದ್ದವರಿಗೆ ಅಲ್ಲಿಯವರೆಗೆ ಯಾರು ಏನು ಕೊಡುತ್ತಾರೆ?

ಈ ನಡುವೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತ್ತು. ಹಿಂದೆ ಅನ್ಯಾಯ ಆಗಿದೆ ಎಂದು ಪೀಠಿಕೆಯಲ್ಲೇ ಒಪ್ಪಿಕೊಂಡ ಕಾಯ್ದೆ ಇದು. 13 ಡಿಸೆಂಬರ್ 2005ಕ್ಕೆ ಮೊದಲಿನಿಂದ ಸಾಗುವಳಿ ಮಾಡುತ್ತಿರುವ ಬುಡಕಟ್ಟು ಕುಟುಂಬಕ್ಕೆ, ಅಷ್ಟು ಅನುಭವದಲ್ಲಿದ್ದರೆ 4 ಹೆಕ್ಟೇರ್‌ವರೆಗೆ ಹಕ್ಕು. ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಬರಬೇಕು. ಅದನ್ನು ಮಾರುವ ಹಾಗಿಲ್ಲ, ಮಕ್ಕಳಿಗೆ ಬರುತ್ತದೆ. ಆ ದಿನಾಂಕಕ್ಕೆ ಮೊದಲು ಅಕ್ರಮವಾಗಿ ಒಕ್ಕಲೆಬ್ಬಿಸಿದ್ದರೆ ಬದಲಿ ಜಮೀನೂ ಸೇರಿ ಪುನರ್ವಸತಿ ಕೇಳಬಹುದು. ಅರ್ಜಿ ಪರಿಶೀಲನೆ ಮುಗಿಯುವವರೆಗೆ ಎಬ್ಬಿಸುವಂತಿಲ್ಲ ಎಂದು 4(5)ನೇ ಕಲಂ ಹೇಳುತ್ತದೆ.

ನಮ್ಮವರು ಎಡವುವುದು ಸಾಕ್ಷಿಯಲ್ಲಿ. 'ಪಹಣಿ ಇಲ್ಲ, ದಾಖಲೆ ಇಲ್ಲ' ಅಂದರೆ ತಲೆ ತಗ್ಗಿಸಿ ವಾಪಸ್ ಬರುತ್ತಾರೆ. ನಿಯಮ 13 ಓದಿ. ಹಳೆಯ ಮನೆ, ಬಾವಿ, ಸಮಾಧಿ, ದೇವರ ಬನ ಇವೆಲ್ಲ ಸಾಕ್ಷಿ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರಹಕ್ಕೆ ಇಳಿಸಿದರೆ ಅದೂ ಸಾಕ್ಷಿ. ಒಂದು ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಉಪಗ್ರಹ ಚಿತ್ರದಲ್ಲಿ ಕಾಣಲಿಲ್ಲ ಎಂಬ ಒಂದೇ ಮಾತಿನಿಂದ ಉಳಿದ ಸಾಕ್ಷಿಗಳನ್ನು ಬದಿಗೆ ಸರಿಸುವ ಹಾಗಿಲ್ಲ. ಇದು 2012ರ ತಿದ್ದುಪಡಿಯಲ್ಲಿದೆ. ಮೂರ್ಕಲ್ ಹೋರಾಟ ಕಂಡ ಅಜ್ಜ ಅಜ್ಜಿಯರು ಈಗ ಎಷ್ಟು ಮಂದಿ ಉಳಿದಿದ್ದಾರೆ? ಅವರ ಹೇಳಿಕೆಯನ್ನು ಈ ತಿಂಗಳೇ ಬರೆಸಿ ಹೆಬ್ಬೆಟ್ಟು ಹಾಕಿಸಿಡಿ.

ಅರ್ಜಿ ಮೊದಲು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಆಮೇಲೆ ಜಿಲ್ಲಾ ಸಮಿತಿಗೆ ಹೋಗುತ್ತದೆ. ತಿರಸ್ಕಾರ ಆದರೆ ಕಾರಣ ಬರೆದು ತಿಳಿಸಬೇಕು. ಬಾಯಿಮಾತಿನ 'ಆಗಲ್ಲ' ತಿರಸ್ಕಾರವಲ್ಲ, ಬರಹದಲ್ಲಿ ಕೇಳಿ ಪಡೆಯಿರಿ. ಗ್ರಾಮಸಭೆಯ ನಿರ್ಣಯದ ಮೇಲೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ ಅವಕಾಶವಿದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿಸಿ ಎಂದು ರಾಜ್ಯಗಳಿಗೆ ಹೇಳಿದಾಗ ದೇಶದ ಹಾಡಿಗಳೆಲ್ಲ ನಡುಗಿದ್ದವು. ಅದೇ 28ರಂದು ಆ ಆದೇಶ ತಡೆಹಿಡಿಯಲ್ಪಟ್ಟಿತು. ತಿರಸ್ಕಾರ ಮಾಡುವಾಗ ಕ್ರಮ ಪಾಲಿಸಲಾಗಿತ್ತೇ ಎಂಬುದೇ ಅಲ್ಲಿ ಎದ್ದ ಪ್ರಶ್ನೆ.

ವಕೀಲರಿಗೆ ದುಡ್ಡಿಲ್ಲ ಎನ್ನುವವರಿಗೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಯಾವುದೇ ಜಾತಿಯ ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಅರ್ಜಿಯ ನಕಲು, ಕೊಟ್ಟ ದಿನದ ಸ್ವೀಕೃತಿ ಚೀಟಿ ಎರಡೂ ಕೈಯಲ್ಲಿರಲಿ.